ಓವನ್ನಿನ ಮೂರೂವರೆ ಗಂಟೆ

ಮರಳುಗುಡ್ಡದ ಮನೆ, ನೆಬ್ರಾಸ್ಕಾ
ಬುಧವಾರ, ೧೧ ಫೆಬ್ರವರಿ ೧೯೭೬

ಪ್ರೀತಿಯ ಡೆಲ್ಮರ್,

ನಿನ್ನ ಎಡಗೈ ಬೆರಳು ಹೇಗಿದೆ? ಚಳಿ ಕಚ್ಚಿ ಕಪ್ಪಗಾಗಿದೆ ಅಂತ ಬರೆದವನು ಆಮೇಲೆ ಅದರ ಸುದ್ದಿಯನ್ನೇ ಎತ್ತಿಲ್ಲ. ಉಗುರು ಬಿದ್ದಿದ್ದರೆ ಬಿದ್ದಿದೆ ಅಂತಲೇ ಬರಿ, ಬೆರಳು ಇದೆಯೋ ಇಲ್ಲವೋ ಅಂತ ನಾನಿಲ್ಲಿ ಊಹಿಸುತ್ತಾ ಕೂರುವುದು ಬೇಡ. ಕ್ರಿಸ್‌ಮಸ್‌ಗೆ ಕಳಿಸಿದ ಉಣ್ಣೆಯ ಕಾಲುಚೀಲ ಸಿಕ್ಕಿತೆ? ಒಂದು ಇನ್ನೊಂದಕ್ಕಿಂತ ಉದ್ದ ಇದೆ, ನನಗೂ ಗೊತ್ತು. ಹೆಣೆಯುವಾಗ ನಿನ್ನಮ್ಮ ಪಕ್ಕದಲ್ಲಿ ಕೂತು ನನ್ನ ಹೆಣಿಗೆಯನ್ನು ಎಣಿಸುತ್ತಿದ್ದರು. ಅವರ ಎಣಿಕೆ ಸರಿಯಾಯಿತು, ನನ್ನದು ತಪ್ಪಿತು.

ಇಲ್ಲಿ ಎಲ್ಲರೂ ಕ್ಷೇಮ. ಮಾವನ ಮೊಣಕಾಲು ಹಿಮ ಬೀಳುವ ಹಿಂದಿನ ದಿನ ನೋಯುತ್ತದೆ, ಹಾಗಾಗಿ ನಮಗೆ ರೇಡಿಯೋ ಬೇಕಾಗಿಲ್ಲ. ಅತ್ತೆ ನಾಲ್ಕು ಕಾಲಿನ ಊರೆಗೋಲು ಹಿಡಿದು ಮನೆಯೆಲ್ಲ ಓಡಾಡುತ್ತಾರೆ. ಅದರ ಟಕ್ ಟಕ್ ಕೇಳಿದರೆ ನಾನು ಎಲ್ಲಿದ್ದರೂ ನೆಟ್ಟಗಾಗುತ್ತೇನೆ. ಈ ಸಲ ಹಸುಗಳು ಬೇಗ ಈಯತೊಡಗಿವೆ, ಆಗಲೇ ಹನ್ನೊಂದು ಕರು. ಜನೆಲ್‌ಗೆ ನಾಲ್ಕು ತುಂಬಿದ ದಿನ ನೀನು ಕಳಿಸಿದ ಗೊಂಬೆ ಬಂತು. ಅಲಾಸ್ಕಾ ನಮ್ಮ ನಾಲ್ಕನೇ ಗೇಟಿನ ಆಚೆ ಇದೆಯಾ ಅಂತ ಕೇಳಿದಳು. ಹೌದು ಅಂದೆ. ಪೂರ್ತಿ ಸುಳ್ಳೇನಲ್ಲ.

ಈಗ ನಿನ್ನ ಕಾಗದದ ವಿಷಯಕ್ಕೆ ಬರುತ್ತೇನೆ. "ಇನ್ನೊಂದು ಆರು ತಿಂಗಳು, ಆರ್ಡಿತ್. ಪೈಪ್‌ಲೈನ್ ಕೆಲಸ ಒಂದು ಹಂತಕ್ಕೆ ಬರಲಿ. ನಿನಗೇನು ಕಷ್ಟ ಅಲ್ಲಿ? ಬೆಚ್ಚಗಿನ ಮನೆ, ಫ್ರೀಜರ್ ತುಂಬ ಮಾಂಸ" ಅಂತ ಬರೆದಿದ್ದೀಯಲ್ಲ. ಅಂಚೆಪೆಟ್ಟಿಗೆಯ ಹತ್ತಿರ ನಿಂತೇ ಓದಿದೆ. ಇದು ನಿನ್ನ ಮೂರನೇ ಆರು ತಿಂಗಳು. ಕೋಪ ಬಂತು, ಆಮೇಲೆ ಅಳು ಬಂತು, ಆಮೇಲೆ ಕಣ್ಣೀರು ರೆಪ್ಪೆಯ ಮೇಲೇ ಹೆಪ್ಪುಗಟ್ಟಲು ಶುರುವಾದದ್ದರಿಂದ ಅದನ್ನೂ ನಿಲ್ಲಿಸಿ ಮನೆಗೆ ಬಂದೆ.

ಕಷ್ಟ ಏನು ಅಂತ ನೀನೇ ಕೇಳಿದ್ದೀ, ಹೇಳುತ್ತೇನೆ. ಮಧ್ಯಾಹ್ನ ಹನ್ನೆರಡಕ್ಕೆ ಸರಿಯಾಗಿ ಮೇಜಿನ ಮೇಲೆ ಬಿಸಿ ಮಾಂಸ ಇರಬೇಕು. ನಿನ್ನಮ್ಮನ ಲೆಕ್ಕದಲ್ಲಿ ಸ್ಟೇಕ್ ಅಂದರೆ ಒಂದೇ ರೀತಿ: ತೊಡೆಯ ಗಟ್ಟಿ ತುಂಡನ್ನು ಮರದ ಸುತ್ತಿಗೆಯಲ್ಲಿ ಜಜ್ಜಿ, ಹಿಟ್ಟು ಹೊರಳಿಸಿ, ಕಬ್ಬಿಣದ ಬಾಣಲೆಯಲ್ಲಿ ಒಂದೊಂದಾಗಿ ಕರಿಯುವುದು. ಒಲೆ ಹೊತ್ತಿಸಿದ ಹೆಂಗಸು ಅಡುಗೆಮನೆ ಬಿಟ್ಟು ಕದಲಬಾರದು, ಅದು ಈ ಮನೆಯ ಕಾನೂನು. ಹೀಗೆ ಬೆಳಗಿನ ಹೊತ್ತೆಲ್ಲ ಬಾಣಲೆಗೆ, ಮಧ್ಯಾಹ್ನ ಬಟ್ಟೆ ಕೋಳಿಗಳಿಗೆ, ಸಂಜೆ ಮತ್ತೆ ಬಾಣಲೆಗೆ. ಹೊರಗೆ ಹೋಗುತ್ತೇನೆಂದರೂ ಮನೆಯಿಂದ ಡಾಂಬರು ರಸ್ತೆಗೆ ಏಳು ಮೈಲಿ, ನಡುವೆ ಮುಳ್ಳುತಂತಿಯ ನಾಲ್ಕು ಗೇಟು. ತಂತಿ ಮೀಟಿದರೆ ನಾದ ಬರಬೇಕು ಅನ್ನುವವರು ನಿನ್ನಪ್ಪ, ಹಾಗೆ ಬಿಗಿದಿಟ್ಟಿದ್ದಾರೆ. ಗೂಟವನ್ನು ಎದೆಗೆ ಅವಚಿ ತಳ್ಳಿ ತಂತಿಯ ಉಂಗುರ ಬಿಡಿಸುವಷ್ಟರಲ್ಲಿ ನನ್ನ ಉಸಿರು ಹೋಗುತ್ತದೆ. ಮುಚ್ಚುವುದು ಇನ್ನೂ ಕಷ್ಟ. ಮುಚ್ಚದೆ ಬಿಟ್ಟರೆ ದನ ಎಲ್ಲ ರಸ್ತೆಗೆ. ಎಷ್ಟೋ ದಿನ ಎರಡನೇ ಗೇಟಿನವರೆಗೆ ಹೋಗಿ, ಸೋತು, ಗಾಡಿ ತಿರುಗಿಸಿಕೊಂಡು ಬಂದಿದ್ದೇನೆ. ಇಲ್ಲಿ ನನ್ನನ್ನು ಯಾರೂ ಕಟ್ಟಿಹಾಕಿಲ್ಲ, ಡೆಲ್ಮರ್, ಬೈಯುವುದೂ ಅಪರೂಪ. ಆದರೂ ಬೋನಿನಲ್ಲಿ ಇದ್ದೇನೆ ಅನ್ನಿಸುತ್ತದೆ. ಇದನ್ನು ಇಷ್ಟು ದಿನ ಬರೆಯಲಿಲ್ಲ. ನಿನ್ನ ಬೆರಳಿನ ಎದುರು ನನ್ನ ದೂರು ಸಣ್ಣದು ಅನ್ನಿಸುತ್ತಿತ್ತು.

ಅಕ್ಟೋಬರಿನಲ್ಲಿ ಚರ್ಚಿನ ಊಟದ ದಿನ ನಮ್ಮ ಶಾಲೆಯ ಟೀಚರ್ ಮಿಸೆಸ್ ನೊವಾಕ್ ಒಂದು ಅಡುಗೆ ಹೇಳಿಕೊಟ್ಟರು. ಶಾಲೆಯ ಹಿಂದಿನ ಎರಡು ಕೋಣೆಯಲ್ಲೇ ಅವರ ವಾಸ ಅಂತ ನಿನಗೆ ಗೊತ್ತಲ್ಲ, ಪಾಠ ಮಾಡುತ್ತಲೇ ಅವರ ಅಡುಗೆ ಆಗುತ್ತದೆ. ಅದೇ ತೊಡೆಯ ತುಂಡು. ಉಪ್ಪು, ಮೆಣಸು, ಹಿಟ್ಟು ಸವರಿ ತಟ್ಟೆಯಲ್ಲಿ ಹಾಸಿ, ಮೇಲೆ ಈರುಳ್ಳಿ, ಅದರ ಮೇಲೆ ಡಬ್ಬಿಯ ಟೊಮೆಟೊ ಸುರಿದು, ಅಲ್ಯೂಮಿನಿಯಂ ಹಾಳೆಯಿಂದ ಗಾಳಿಯೂ ಹೋಗದ ಹಾಗೆ ಬಿಗಿದು, ಮಂದ ಉರಿಯ ಓವನ್ನಿಗೆ ತಳ್ಳಿಬಿಡುವುದು. ಪಕ್ಕದಲ್ಲಿ ನಾಲ್ಕು ಆಲೂಗಡ್ಡೆ. ಮೂರೂವರೆ ಗಂಟೆ ಬಾಗಿಲು ತೆಗೆಯಬಾರದು, ಇಣುಕಲೂಬಾರದು. ತೆಗೆದಾಗ ಚಾಕು ಬೇಡ, ಚಮಚಕ್ಕೇ ಬಿಡಿಸಿಕೊಳ್ಳುತ್ತದೆ. ಮನೆಯಲ್ಲಿ ಮಾಡಿದ ಮೊದಲ ದಿನ ಮಾವ ಎರಡು ಸಲ ಬಡಿಸಿಕೊಂಡರು. ಅತ್ತೆ ಮಾತ್ರ, "ಒಳಗೆ ತುರುಕಿ ಬಾಗ್ಲು ಹಾಕಿದ್ರೆ ಅದೂ ಒಂದ್ ಅಡುಗೇನಾ? ಬಟ್ಟೆ ಒಗೆಯೋ ಮಷೀನಿಗೂ ಅದಕ್ಕೂ ಏನೇ ವ್ಯತ್ಯಾಸ?" ಅಂದರು. ಅಂದವರು ಗೊಜ್ಜನ್ನು ಬ್ರೆಡ್ಡಿನಲ್ಲಿ ಒರೆಸಿ ತಿಂದರು.

ಆ ಮೊದಲ ದಿನ ಮೂರೂವರೆ ಗಂಟೆ ಕೈಗೆ ಸಿಕ್ಕಿತಲ್ಲ, ಏನು ಮಾಡಬೇಕೋ ತಿಳಿಯದೆ ಅಡುಗೆಮನೆಯಲ್ಲೇ ಕೂತಿದ್ದೆ. ಪಳಗಿದ ಕುದುರೆ ಹಗ್ಗ ಬಿಚ್ಚಿದರೂ ಗೂಟದ ಹತ್ತಿರವೇ ನಿಂತಿರುತ್ತದಲ್ಲ, ಹಾಗೆ. ನವೆಂಬರಿನಲ್ಲಿ ಮಿಸೆಸ್ ನೊವಾಕ್ ಬಸುರಿ ಅಂತ ಗೊತ್ತಾಯಿತು, ಡಾಕ್ಟರು ಹೆಚ್ಚು ನಿಲ್ಲಬಾರದು ಅಂದರಂತೆ. ವಾರಕ್ಕೆರಡು ಬೆಳಿಗ್ಗೆ ಬಂದು ಚಿಕ್ಕವರಿಗೆ ಓದು ಹೇಳಿಕೊಡುತ್ತೀಯಾ ಅಂದರು. ನಾನು ಟೀಚರ್ ಆಗಿದ್ದವಳು ಅನ್ನುವುದು ನಿನಗೆ ನೆನಪಿದೆಯೋ ಇಲ್ಲವೋ, ಅವರಿಗೆ ನೆನಪಿತ್ತು. ಒಪ್ಪಿದೆ. ಗೇಟು ತೆಗೆಯಲು ಒಂದು ಕಬ್ಬಿಣದ ಸರಳನ್ನು ಗಾಡಿಯಲ್ಲಿ ಬಚ್ಚಿಟ್ಟುಕೊಂಡೆ. ಮನೆಯಲ್ಲಿ ಮಾತ್ರ ಚರ್ಚಿಗಾಗಿ ಕೌದಿ ಹೊಲಿಯಲು ಹೋಗುತ್ತೇನೆ ಅಂದೆ. ಜನೆಲ್ ಅಜ್ಜಿಯ ಗುಂಡಿಗಳ ಡಬ್ಬಿ ಹರವಿಕೊಂಡು ಖುಷಿಯಾಗಿರುತ್ತಾಳೆ.

ಯಾಕೆ ಸುಳ್ಳು ಹೇಳಿದೆ ಅಂತ ಕೇಳಬೇಡ. ಕೌದಿ ಅಂದರೆ ನಿನ್ನಮ್ಮ ಒಪ್ಪುತ್ತಾರೆ, ಶಾಲೆ ಅಂದರೆ ಅದೊಂದು ದೊಡ್ಡ ಮಾತಾಗುತ್ತದೆ. ಒಂಬತ್ತು ಮಕ್ಕಳು, ಒಂದು ಕೋಣೆ, ಒಂದು ಒಲೆ. ಓದಲು ಬಾರದೆ ಬಾಯಿ ಮುಚ್ಚಿಕೊಂಡೇ ಇದ್ದ ಒಂದು ಹುಡುಗಿ ಜನವರಿಯಲ್ಲಿ ಒಂದು ಪುಟ ಪೂರ್ತಿ ಓದಿ, ಪುಸ್ತಕ ಮುಚ್ಚಿ, "ಮುಗೀತಾ? ಇಷ್ಟೇನಾ?" ಅಂದಳು. ಗಾಡಿ ಓಡಿಸಿಕೊಂಡು ಬರುವಾಗ ನಾನು ಒಬ್ಬಳೇ ಜೋರಾಗಿ ನಕ್ಕೆ. ನಕ್ಕು ಎಷ್ಟು ದಿನ ಆಗಿತ್ತೋ.

ಕಳೆದ ಗುರುವಾರ ಎಲ್ಲ ಬಯಲಾಯಿತು. ಮಾಂಸವನ್ನು ಹಿಂದಿನ ದಿನವೇ ಫ್ರೀಜರಿನಿಂದ ತೆಗೆದಿಡುವುದು ಮರೆತಿದ್ದೆ. ಬೆಳಿಗ್ಗೆ ಹಿಂಬಾಗಿಲ ಜಗಲಿಗೆ ಓಡಿ, ಕೈಗೆ ಸಿಕ್ಕ ಬಿಳಿ ಕಾಗದದ ಪೊಟ್ಟಣ ಎತ್ತಿಕೊಂಡೆ. ಬಿಚ್ಚಿದರೆ ಕಲ್ಲಿನಂತೆ ಅಂಟಿಕೊಂಡ ನಾಲ್ಕು ತುಂಡು, ಮೇಲೆಲ್ಲ ಹಿಮ. ಯಾವ ತುಂಡು ಅಂತ ನೋಡಲಿಲ್ಲ. ಗಂಟೆ ಎಂಟೂಕಾಲು ಆಗಿತ್ತು, ಮಿಸೆಸ್ ನೊವಾಕ್ ಒಬ್ಬರೇ ಕಾಯುತ್ತಿದ್ದರು. ಈರುಳ್ಳಿ, ಟೊಮೆಟೊ ಸುರಿದು, ಹಾಳೆ ಬಿಗಿದು, ಓವನ್ನಿಗೆ ತಳ್ಳಿ ಹೊರಟೆ. ಹನ್ನೆರಡಕ್ಕೆ ಬಡಿಸಿದೆ. ಮಾವ ಒಂದು ತುಂಡನ್ನು ಫೋರ್ಕಿನಲ್ಲಿ ಎತ್ತಿ ಬೆಳಕಿಗೆ ಹಿಡಿದರು. ಬೂದು ಬಣ್ಣ, ಹಗ್ಗದ ಹಾಗೆ ಎಳೆ ಎಳೆ, ಸುತ್ತ ಕೊಬ್ಬು ತೇಲುತ್ತಿತ್ತು. "ಇದು ಪಕ್ಕೆ ತುಂಡು" ಅಂದರು. ಸಾವಿನ ಸುದ್ದಿ ಹೇಳಿದ ಹಾಗಿತ್ತು ಅವರ ದನಿ.

ರೈಲ್ವೆಯವನ ಮಗಳಾದ ನನಗೂ ಗೊತ್ತು, ಪಕ್ಕೆ ತುಂಡು ಅಂದರೆ ಹೋರಿಯ ಎಲ್ಲಕ್ಕಿಂತ ಮೆತ್ತಗಿನ, ಬೆಲೆಬಾಳುವ ಮಾಂಸ, ಅದಕ್ಕೆ ಓವನ್ನಿನ ಮೇಲುರಿಯಲ್ಲಿ ಎಂಟು ನಿಮಿಷ ಸಾಕು, ಒಂಬತ್ತಾದರೆ ಪಾಪ. ಅದನ್ನು ಮೂರೂವರೆ ಗಂಟೆ ಟೊಮೆಟೊದಲ್ಲಿ ಕುದಿಸುವುದು ದನ ಸಾಕುವವರ ಮನೆಯಲ್ಲಿ ಯಾರೂ ಮಾಡದ ಕೆಲಸ. ಅತ್ತೆ ಫೋರ್ಕು ಕೆಳಗಿಟ್ಟರು. "ಕಣ್ಣಿಟ್ಟು ನೋಡಿದ್ದೋಳು ಇದನ್ನ ಹಿಂಗೆ ಮಾಡಲ್ಲ. ನೀನು ನೋಡೇ ಇಲ್ಲ. ಅಷ್ಟು ಅವಸರ ಎಲ್ಲಿಗೇ ನಿಂಗೆ? ಕೌದಿ ಓಡಿಹೋಗ್ತಿತ್ತಾ?" ಅಂದರು. ಇನ್ನೊಂದು ಸುಳ್ಳು ಹುಡುಕಿದೆ, ಸಿಗಲಿಲ್ಲ. ಶಾಲೆಗೆ ಹೋಗುತ್ತಿದ್ದೆ ಅಂದೆ. ಮಿಸೆಸ್ ನೊವಾಕ್ ತಿಂಗಳ ಕೊನೆಗೆ ಬಿಡುತ್ತಾರೆ, ಕೆಲಸವನ್ನೂ ಆ ಎರಡು ಕೋಣೆಯನ್ನೂ ನನಗೆ ಕೊಡುತ್ತೇವೆ ಅಂತ ಶಾಲೆಯ ಬೋರ್ಡಿನವರು ಕಾಗದ ಕಳಿಸಿದ್ದಾರೆ, ಶುಕ್ರವಾರ ಹದಿಮೂರಕ್ಕೆ ಉತ್ತರ ಹೇಳಬೇಕು, ಅದನ್ನೂ ಅಂದೆ. ಅತ್ತೆ ಮಾವನ ಕಡೆ ತಿರುಗಿ, "ನಿಮ್ಗೆ ಗೊತ್ತಿತ್ತಾ?" ಅಂತ ಕೇಳಿದರು. ಮಾವ ಆ ಹಗ್ಗವನ್ನು ಅಗಿಯುತ್ತಲೇ, "ಬೋರ್ಡಲ್ಲಿ ಇರೋದೇ ಮೂರು ಜನ, ಹುಲ್ಡಾ. ಅದ್ರಲ್ಲಿ ಒಬ್ಬ ನಾನು" ಅಂದರು. ನನಗೂ ಆಗಲೇ ಹೊಳೆದದ್ದು, ಇಷ್ಟು ದಿನ ಅವರು ಒಂದು ಮಾತೂ ಆಡದೆ ನನ್ನ ಕೌದಿಯನ್ನು ನಂಬಿದವರ ಹಾಗೆ ಇದ್ದರು ಅಂತ.

ಅತ್ತೆ ಎದ್ದು ಟಕ್ ಟಕ್ ಅಂತ ಜಗಲಿಗೆ ಹೋದರು. ಮೂರು ಪೊಟ್ಟಣಗಳನ್ನು ಏಪ್ರನ್ನಿನಲ್ಲಿ ಹಾಕಿಕೊಂಡು ಬಂದು ಮೇಜಿನ ಮೇಲೆ ಸುರಿದರು. ಒಂದೊಂದರ ಮೇಲೂ ಪೆನ್ಸಿಲ್ಲಿನಲ್ಲಿ ನಿನ್ನ ಹೆಸರು. ಹೆಸರಿನ ಕೆಳಗೆ ಈಸ್ಟರ್ ಅಂತ ಬರೆದು ಹೊಡೆದುಹಾಕಿದ್ದಾರೆ. ಜುಲೈ ನಾಲ್ಕು ಅಂತ ಬರೆದು ಹೊಡೆದುಹಾಕಿದ್ದಾರೆ. ಕ್ರಿಸ್‌ಮಸ್ ಅಂತ ಬರೆದು ಹೊಡೆದುಹಾಕಿದ್ದಾರೆ. ನೀನು ಹೊರಡುವ ಮುಂಚಿನ ತಿಂಗಳು ಕಡಿದ ಹೋರಿಯ ಪಕ್ಕೆ ತುಂಡುಗಳು ಅವು, ನೀನು ಬಂದ ದಿನಕ್ಕೆ ಅಂತ ತೆಗೆದಿಟ್ಟದ್ದು. ನಾಲ್ಕರಲ್ಲಿ ಒಂದನ್ನು ನಾನು ಕುದಿಸಿ ಕೊಂದಿದ್ದೆ. "ನಲವತ್ತು ವರ್ಷ ಆ ಬಾಣಲೆ ಮುಂದೆ ನಿಂತಿದೀನಿ. ನಂಗ್ಯಾರೂ ಮೂರೂವರೆ ಗಂಟೆ ಕೊಡ್ಲಿಲ್ಲ" ಅಂದರು ನಿನ್ನಮ್ಮ. ಬೈಗುಳ ಅಂದುಕೊಂಡು ತಲೆ ತಗ್ಗಿಸಿ ಕೇಳಿದೆ. ಆಮೇಲೆ ಯೋಚಿಸಿದರೆ ಅದು ಬೈಗುಳ ಅಲ್ಲ. ಅವರ ಮೇಲೆ ಮರುಕ ಬಂತು, ಆ ಜಾಗದಲ್ಲಿ ನಲವತ್ತು ವರ್ಷ ಆದಮೇಲೆ ನಾನೂ ನಿಂತಿರುತ್ತೇನೆ ಅಂತ ಹೆದರಿಕೆಯೂ ಆಯಿತು.

ಅವತ್ತಿನಿಂದ ಅತ್ತೆ ನನ್ನ ಹತ್ತಿರ ಮಾತಾಡಿಲ್ಲ. ಹೇಳುವುದಿದ್ದರೆ ಜನೆಲ್‌ಗೆ ಹೇಳುತ್ತಾರೆ: "ನಿಮ್ಮಮ್ಮಂಗೆ ಹೇಳು, ಉಪ್ಪು ಕಮ್ಮಿ." ಜನೆಲ್ ಅಷ್ಟೇ ಗಂಭೀರವಾಗಿ ಎರಡು ಹೆಜ್ಜೆ ನಡೆದು ಬಂದು ನನಗೆ ವರದಿ ಒಪ್ಪಿಸುತ್ತಾಳೆ. ನಗಬೇಕು ಅನ್ನಿಸುತ್ತದೆ, ಆದರೆ ಈ ಮನೆಯೊಳಗೆ ಕೂತು ನಗಲು ಆಗುವುದಿಲ್ಲ.

ನಿನ್ನೆ ಮಂಗಳವಾರ. ತೊಡೆಯ ತುಂಡನ್ನು ಎರಡು ಸಲ ನೋಡಿ ಓವನ್ನಿಗೆ ಇಟ್ಟೆ. ಶಾಲೆಗೆ ಹೋಗುತ್ತೇನೆ ಅಂತ ಗೋಡೆಗೆ ಹೇಳಿ ಹೊರಟೆ. ಮೊದಲನೇ ಗೇಟಿನ ಹತ್ತಿರ ಇಳಿದರೆ ಗೂಟಕ್ಕೆ ಸರಪಳಿಯಲ್ಲಿ ಒಂದು ಹೊಸ ಸನ್ನೆಗೋಲು. ಒಂದು ಕೈಯಲ್ಲಿ ಎಳೆದರೆ ಉಂಗುರ ತಾನೇ ಬಿಟ್ಟುಕೊಂಡಿತು. ಎರಡನೆಯದಕ್ಕೂ ಅದೇ, ಮೂರಕ್ಕೂ, ನಾಲ್ಕಕ್ಕೂ. ನೀನು ಹುಲ್ಲು ಎತ್ತುತ್ತಿದ್ದ ಕವೆಗೋಲಿನ ಹಿಡಿಗಳನ್ನು ಕತ್ತರಿಸಿ ಮಾಡಿದ್ದಾರೆ ನಿನ್ನಪ್ಪ, ನೀನು ಕೊರೆದಿದ್ದ ಡಿ ಅಕ್ಷರ ಒಂದರ ಮೇಲೆ ಇನ್ನೂ ಇದೆ. ಅಷ್ಟು ಚಳಿಯಲ್ಲಿ, ಆ ಮೊಣಕಾಲಿನಲ್ಲಿ ಯಾವಾಗ ಹೋಗಿ ಕಟ್ಟಿದರೋ. ಮಧ್ಯಾಹ್ನ ಊಟಕ್ಕೆ ಕೂತಾಗ ಗೇಟು ಅಂತ ನಾನು ಬಾಯಿ ತೆರೆದೆ. "ಆಲೂಗಡ್ಡೆ ಈ ಕಡೆ ತಳ್ಳು" ಅಂದರು ಮಾವ.

ಶುಕ್ರವಾರ ಏನು ಉತ್ತರ ಕೊಡಲಿ, ಡೆಲ್ಮರ್? ನಮ್ಮದೇ ಜಮೀನು ಮಾಡಬೇಕು ಅಂತಲೇ ನೀನು ಅಲ್ಲಿ ಬೆರಳು ಕಳೆದುಕೊಳ್ಳುತ್ತಿರುವುದು, ನನಗೆ ಗೊತ್ತಿಲ್ಲದ್ದೇನಲ್ಲ. ಹೋದರೆ ಅತ್ತೆಯನ್ನು ಬಾಣಲೆಯ ಮುಂದೆ ಮತ್ತೆ ನಿಲ್ಲಿಸಿ ಹೋದ ಹಾಗೆ. ಇದ್ದರೆ ನಾನು ನಿಲ್ಲಬೇಕು. ಅವರು ಮಲಗಿದ್ದಾರೆ, ಅದಕ್ಕೇ ಇಷ್ಟು ಉದ್ದ ಬರೆದೆ. ಈಗ ಊರೆಗೋಲಿನ ಸದ್ದು ಶುರುವಾಯಿತು.

ಮಾವ ನಿನ್ನನ್ನು ಕೇಳಿದರು ಅಂತ ಬರಿ ಅಂದರು. ಅತ್ತೆ ಏನೂ ಅನ್ನಲಿಲ್ಲ, ಆದರೂ ಅವರ ಕಡೆಯಿಂದ ಎರಡು ಪಾಲು ಕೇಳಿದ್ದಾರೆ ಅಂತ ತಿಳಿ. ಜನೆಲ್ ಈ ಕಾಗದದ ಮೂಲೆಯಲ್ಲಿ ಬಿಡಿಸಿರುವುದು ಕರು, ನಾಯಿಯಲ್ಲ. ಕೈಗವಸು ಹಾಕಿಕೋ.

ನಿನ್ನ
ಆರ್ಡಿತ್

ತಾ.ಕ. ಶುಕ್ರವಾರ ಬೆಳಿಗ್ಗೆ. ಅಂಚೆ ಗಾಡಿ ಬರುವ ಹೊತ್ತಾಯಿತು. ಒಪ್ಪಿಕೊಂಡೆ. ಮಾರ್ಚ್ ಒಂದಕ್ಕೆ ನಾನೂ ಜನೆಲ್ಲೂ ಶಾಲೆಯ ಹಿಂದಿನ ಕೋಣೆಗೆ ಹೋಗುತ್ತೇವೆ. ಮಂಗಳವಾರ, ಗುರುವಾರ ಬೆಳಿಗ್ಗೆಯೇ ಓವನ್ನಿಗೆ ಇಟ್ಟು, ಮಧ್ಯಾಹ್ನದ ಊಟವನ್ನು ಮಾವನ ಕೈಯಲ್ಲಿ ಕಳಿಸುತ್ತೇನೆ, ಆ ಎರಡು ದಿನ ಅತ್ತೆ ಬಾಣಲೆ ಮುಟ್ಟಬಾರದು ಅಂತ ಜನೆಲ್ ಮೂಲಕ ಹೇಳಿಸಿದ್ದೇನೆ. "ಉಪ್ಪು ಸರಿಯಾಗಿ ಹಾಕೋಕೆ ಹೇಳು" ಅಂತ ಉತ್ತರ ಬಂತು. ನಿನ್ನ ಆರು ತಿಂಗಳಿನ ಸುದ್ದಿ ಹೇಳಿದ ಮೇಲೆ ಅವರು ಪೆನ್ಸಿಲ್ ತೆಗೆದುಕೊಂಡು ಪೊಟ್ಟಣಗಳ ಮುಂದೆ ಕೂತರು, ಆದರೆ ಈ ಸಲ ಏನೂ ಬರೆಯದೆ ಹಾಗೇ ಒಳಗಿಟ್ಟರು. ಬರುವ ದಿನ ಖಂಡಿತ ಇಲ್ಲದಿದ್ದರೆ ಇನ್ನು ಅವರಿಗೆ ದಿನ ಬರೆದು ಕಳಿಸಬೇಡ. ಫ್ರೀಜರಿನಲ್ಲಿ ಮಾಂಸ ಎಷ್ಟು ದಿನ ತಡೆಯುತ್ತದೆ ಅಂತ ಮಾವನನ್ನು ಕೇಳಿದೆ. ಒಂದು ವರ್ಷ ಅಂದರು. ನೀನು ಹೋಗಿ ಹದಿನಾಲ್ಕು ತಿಂಗಳಾಯಿತು.