ಉಮಾಶ್ರೀಯ ಕುಬಸಕ್ಕೆ ಒಂದು ಡಿಸ್ಕ್

ಯರಗಟ್ಟಿ
೧೨ ನವೆಂಬರ್ ೨೦೨೪

ಪ್ರೀತಿಯ ರೇಣು,

ನೀನು ಚೆನ್ನಾಗಿದ್ದೀ ಎಂದು ನಂಬಿದ್ದೇನೆ. ನೀನು ಎಷ್ಟೋ ಸಲ ಫೋನ್ ಮಾಡಿದ್ದೀ, ನಾನು ಒಮ್ಮೆಯೂ ಮಾತಾಡಲಿಲ್ಲ. ಸಿಟ್ಟಾಗಬೇಡ. ಮೊನ್ನೆ ಸಂತೆಗೆ ಬಂದಿದ್ದ ನಿನ್ನ ಗಂಡ ಶಿವಲಿಂಗಪ್ಪ ನಮ್ಮ ಫೋಟೋ ಸ್ಟುಡಿಯೋಕ್ಕೂ ಬಂದಿದ್ದರು. "ಮಗಳ ಕುಬಸಕ್ಕ ಯಶೋಧಕ್ಕ ಬಂದು ಹಾಡ್ಲೇಬೇಕಂತ ರೇಣು ಹಟಾ ಹಿಡದಾಳ್ರಿ" ಎಂದು ಸ್ಟುಡಿಯೋದ ಯಜಮಾನರ ಮುಂದೆ ಹೇಳಿ ಹೋದರು. ನಾನು ಒಳಗೇ ಕೂತಿದ್ದೆ. ಆ ಪುಟ್ಟ ಉಮಾಶ್ರೀಗೆ ಸೀಮಂತ, ಅವಳು ತಾಯಿಯಾಗುತ್ತಾಳೆ ಎಂದರೆ ನಂಬಲಿಕ್ಕೇ ಆಗುತ್ತಿಲ್ಲ.

ನಾನು ಬರುತ್ತಿಲ್ಲ ರೇಣು. ಅದಕ್ಕೇ ಈ ಡಿಸ್ಕ್ ಕಳಿಸಿದ್ದೇನೆ. ಉಗರಗೋಳದ ಬಾಯವ್ವನ ಮನೆಯಲ್ಲಿ ನಾವಿಬ್ಬರೂ ಹಾಡು ಕಲಿಯುವಾಗ ನನ್ನ ಹಳೆಯ ಫೋನಿನಲ್ಲಿ ತುಂಬಿಕೊಂಡದ್ದೆಲ್ಲ ಇದರಲ್ಲಿದೆ. ಯಜಮಾನರು, "ಈಗ್ಯಾರ ಸಿಡಿ ಹಚ್ಚತಾರ? ಪೆನ್‌ಡ್ರೈವ್ ಕಳಿಸಿದ್ರಾತು" ಅಂದರು. ನೀನು ಹಿಂದೆ ಕಳಿಸಿದ್ದ ನಿಮ್ಮ ಮನೆಯ ಪ್ಲೇಯರಿನ ಫೋಟೋ ತೋರಿಸಿದೆ. ಅದಕ್ಕೆ ಪೆನ್‌ಡ್ರೈವ್ ಸಿಕ್ಕಿಸುವ ಜಾಗವೇ ಇಲ್ಲ.

ಆ ಫೋನಿನ ಫೈಲುಗಳನ್ನು ಪ್ಲೇಯರ್ ಓದುವುದಿಲ್ಲವಾದ್ದರಿಂದ ಎಲ್ಲವನ್ನೂ ಎಂಪಿ೩ ಮಾಡಿದೆ. ಮೊದಲು ಬಹಳ ಕುಗ್ಗಿಸಿಬಿಟ್ಟಿದ್ದೆ. ಬಾಯವ್ವನ ದನಿ ಕೊಡದೊಳಗಿಂದ ಬಂದಂತೆ ಕೇಳಿತು. ಅಳಿಸಿ ಮತ್ತೆ ಮಾಡಿದೆ. ಅವಸರದಲ್ಲಿ ಬರೆದ ಡಿಸ್ಕ್ ಸ್ಟುಡಿಯೋದ ಪ್ಲೇಯರಿನಲ್ಲೇ ನಡೆಯಲಿಲ್ಲ. ಇದನ್ನು ನಿಧಾನಕ್ಕೆ ಬರೆದಿದ್ದೇನೆ. ಕನ್ನಡದಲ್ಲಿ ಹೆಸರಿಟ್ಟರೆ ಪ್ಲೇಯರ್ ಬರೀ ಚೌಕಗಳನ್ನು ತೋರಿಸುತ್ತದೆ, ಅದಕ್ಕೆ ಅಂಕಿ ಹಾಕಿದ್ದೇನೆ. ಆರತಿಯ ಹಾಡು ಏಳನೆಯದು. ಡಿಸ್ಕ್ ಹಾಕಿದ ಮೇಲೆ ಓದಿಕೊಳ್ಳಲು ಪ್ಲೇಯರಿಗೆ ತುಸು ಹೊತ್ತು ಬೇಕು, ಕೆಟ್ಟಿದೆ ಎಂದು ಹೊರಗೆ ತೆಗೆಯಬೇಡ.

ನಾನು ಹಾಡುತ್ತಿರುವ ಒಂದು ಹಾಡಿನ ನಡುವೆ ಬಾಯವ್ವ, "ಏ ರೇಣು, ಆಕಿ ಮುಗಸೂತನಕಾ ಸುಮ್ಮ ಇರವಾ" ಎಂದು ಬೈಯುತ್ತಾಳೆ. ಆಮೇಲೆ ನಾವಿಬ್ಬರೂ ನಗುತ್ತೇವೆ. ಅದನ್ನು ಕತ್ತರಿಸಲು ಮನಸ್ಸಾಗಲಿಲ್ಲ. ಬಾಯವ್ವ ಹೋಗಿ ಎಷ್ಟು ವರ್ಷವಾಯಿತು, ಬೈಗುಳ ಮಾತ್ರ ಈಗಷ್ಟೇ ಬೈದಂತಿದೆ. ಕೆಲಸದ ನಡುವೆ ಹೆಡ್‌ಫೋನ್ ಹಾಕಿಕೊಂಡು ಆ ನಗುವನ್ನೇ ಮತ್ತೆ ಮತ್ತೆ ಕೇಳುತ್ತ ಕೂತಿದ್ದೆ.

ಉಮಾಶ್ರೀಗೆ ಹಸಿರು ಬಳೆ ತುಂಬುವಾಗ ನನ್ನ ಪಾಲಿನದೂ ಎರಡು ತೊಡಿಸು. ಸುಖವಾಗಿ ಹೆರಲಿ, ಮಡಿಲು ತುಂಬಿರಲಿ.

ನಿನ್ನ
ಯಶೋಧಾ

ತಾ.ಕ.: ಮುಚ್ಚಿಡಲಾರೆ ರೇಣು. ಶ್ರಾವಣದಲ್ಲಿ ಬೆಳಗಾವಿಯಲ್ಲಿ ನನ್ನ ಗಂಟಲಿನ ಆಪರೇಷನ್ ಆಯಿತು. ಗಂಟಿನ ಜೊತೆ ದನಿಪೆಟ್ಟಿಗೆಯನ್ನೂ ತೆಗೆಯಬೇಕಾಯಿತು. ಜೀವಕ್ಕೆ ಭಯವಿಲ್ಲವಂತೆ. ಆದರೆ ಬಾಯಿ ತೆರೆದರೆ ದನಿಯೇ ಬರುವುದಿಲ್ಲ. ಡಿಸ್ಕಿನಲ್ಲಿ ಹಾಡುವ ನನ್ನನ್ನೇ ಕೇಳಿದರೆ ತೀರಿಹೋದ ತಂಗಿಯೊಬ್ಬಳನ್ನು ಕೇಳಿದಂತಾಗುತ್ತದೆ. ಕುಬಸಕ್ಕೆ ಬಂದರೆ ಹೆಂಗಸರೆಲ್ಲ ನನ್ನ ಮುಖ ನೋಡುತ್ತ ಹಾಡಿಗೆ ಕಾಯುತ್ತಾರೆ, ಅದನ್ನು ತಾಳಲಾರೆ. ಎಲ್ಲ ಮುಗಿದ ಮೇಲೆ ಒಂದು ದಿನ, ಹಾಡು ಅನ್ನದೆ ಬರೀ ಬಾ ಅನ್ನು. ನಿಮ್ಮ ಸಾಲಹಳ್ಳಿಗೆ ಬರುತ್ತೇನೆ. ನೀನು ಮಾತಾಡು, ನಾನು ನಿನ್ನ ಪಕ್ಕದಲ್ಲಿ ಕೂತಿರುತ್ತೇನೆ.