ಚಕ್ರ ಮೇಲಿದ್ದ ಸೈಕಲ್ಲು

ತೇಲೂರು, ಇಸವಿ ೨೩೭೬, ಹದಿಮೂರನೆಯ ತಿಂಗಳು, ನೀರಿಳಿಗಾಲ.

ಬೋರ್ಡು ಬರೆಯುವ ಲಕ್ಕಪ್ಪನವರಿಗೆ, ನೀವು ಮಣ್ಣಾಗಿ ಎಷ್ಟೋ ತಲೆಮಾರು ಕಳೆದ ಮೇಲೆ ಹುಟ್ಟಿದ ಹೊನ್ನೂರಪ್ಪ ಮಾಡುವ ನಮಸ್ಕಾರಗಳು. ತಿಂಗಳು ಹದಿಮೂರು ಹೇಗಾಯಿತು ಅಂತ ಕೇಳಬೇಡಿ, ಅದು ನಮ್ಮ ಕಾಲದ ರಗಳೆ. ನನ್ನ ಬರಹದಲ್ಲಿ ನಿಮಗೆ ತಿಳಿಯದ ಪದ ಬಂದರೆ ಕ್ಷಮೆಯಿರಲಿ. ನಿಮ್ಮ ಪದಗಳು ನನಗೆ ಕೊಟ್ಟ ಕಾಟದ ಮುಂದೆ ಅದೇನೂ ಅಲ್ಲ. ಮೊನ್ನೆ ನನಗೊಂದು ಆಘಾತ ಬಡಿಯಿತು. ಅದರಲ್ಲಿ ನಿಮ್ಮ ಕುಂಚದ ಪಾಲೂ ಇರುವುದರಿಂದ ನಿಮಗೇ ಬರೆಯುತ್ತಿದ್ದೇನೆ.

ನಮ್ಮೂರು ಹಿನ್ನೀರಿನ ಮೇಲಿದೆ. ಮನೆ, ಕೊಟ್ಟಿಗೆ, ತರಕಾರಿ ಮಡಿ ಎಲ್ಲವೂ ತೇಲುತ್ತವೆ. ಪಕ್ಕದ ಮನೆಗೆ ಮಜ್ಜಿಗೆ ಕೇಳಲು ಹೋಗಬೇಕಾದರೂ ದೋಣಿಯೇ. ಹಾಗಾಗಿ ಚಕ್ರವಿರುವ ಒಂದು ಸಾಮಾನೂ ನಮ್ಮೂರಲ್ಲಿಲ್ಲ. ದಿನನಿತ್ಯಕ್ಕೆ ಬರೆಯುವವರೂ ಇಲ್ಲ. ಎಲ್ಲರ ಸೊಂಟದಲ್ಲೂ ಮಾತುಗಲ್ಲು ಇರುತ್ತದೆ. ಅದು ಅಂಗೈಯಷ್ಟಗಲದ ಕಲ್ಲು, ನೀವು ಹೇಳಿದ್ದನ್ನು ಬೇಕಾದವರಿಗೆ ಬೇಕಾದ ದನಿಯಲ್ಲಿ ಮುಟ್ಟಿಸುತ್ತದೆ. ತೊಂದರೆ ಅಲ್ಲೇ ಇರುವುದು. ನನ್ನ ದನಿಯಲ್ಲಿ ಯಾರು ಬೇಕಾದರೂ ಕಲ್ಲಿನಿಂದ ಮಾತು ಹೊರಡಿಸಬಹುದು. ಅದಕ್ಕೇ ಮದುವೆಯಲ್ಲಿ ಕಲ್ಲು ನಡೆಯುವುದಿಲ್ಲ, ಗೋಡೆಶಾಸ್ತ್ರ ನಡೆಯುತ್ತದೆ. ಬೇಸಿಗೆಯಲ್ಲಿ ನೀರಿಳಿದಾಗ ಮುಳುಗಿದ ಊರಿನದೊಂದು ಗೋಡೆ ದಿನಕ್ಕೆ ಒಂದೆರಡು ಗಳಿಗೆ ಮೇಲೇಳುತ್ತದೆ, ಮತ್ತೆ ಮುಳುಗುತ್ತದೆ. ಹೆಣ್ಣು ಅದರ ಮೇಲೆ ಸುಣ್ಣದಲ್ಲಿ ತನ್ನ ಹೆಸರನ್ನು ಸ್ವಂತ ಕೈಯಿಂದ ಬರೆಯಬೇಕು, ಸೋದರಮಾವ ಒಂದೊಂದು ಅಕ್ಷರಕ್ಕೂ ಬೆರಳಿಟ್ಟು ಗಟ್ಟಿಯಾಗಿ ಓದಬೇಕು. ಅವಳಿಗೆ ಒಪ್ಪಿಗೆ, ತವರಿಗೂ ಒಪ್ಪಿಗೆ ಅಂತ ಅರ್ಥ. ಓದಿದ ಮೇಲೇ ತಾಳಿ. ಒಬ್ಬಳಿಗೆ ವರ್ಷಕ್ಕೊಂದೇ ಅವಕಾಶ, ಗೋಡೆ ಮುಳುಗುವುದರೊಳಗೆ ಓದಲಾಗದಿದ್ದರೆ ಮದುವೆ ಮುಂದಿನ ವರ್ಷಕ್ಕೆ ಹೋಗುತ್ತದೆ. ಅಷ್ಟು ಹೊತ್ತಿಗೆ ಗಂಡಿನ ಕಡೆಯವರ ಮನಸ್ಸು ಎಲ್ಲಿರುತ್ತದೋ ಯಾರಿಗೆ ಗೊತ್ತು?

ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸುವ ಮೇಷ್ಟ್ರು ನಾನು. ನನ್ನಂಥ ಓದು ಬಲ್ಲವ ಹಿನ್ನೀರಿನ ಈ ದಡದಿಂದ ಆ ದಡದವರೆಗೆ ಇಲ್ಲ ಅಂತ ಜನ ಹೇಳುತ್ತಾರೆ. ಜನ ಮರೆತಾಗ ನಾನೇ ನೆನಪಿಸುತ್ತೇನೆ. ನನ್ನ ಶಾಲೆಯೂ ದೋಣಿಯೇ. ಕಿರಿದಾದ ದೋಣಿ, ಪಕ್ಕಪಕ್ಕ ಕೂತರೆ ಮಗುಚಿಕೊಳ್ಳುತ್ತದೆ. ಆದ್ದರಿಂದ ಮೇಷ್ಟ್ರು ಒಂದು ತುದಿಗೆ, ಕಲಿಯುವವರು ಎದುರು ತುದಿಗೆ, ನಡುವೆ ಮರಳಿನ ಹಲಗೆ. ನನ್ನ ಮೇಷ್ಟ್ರು ನನಗೆ ಕಲಿಸಿದ್ದೂ ಹೀಗೇ.

ಆ ಹಲಗೆಯೇ ನಿಮ್ಮ ಬೋರ್ಡು, ಲಕ್ಕಪ್ಪನವರೇ. ಹರೆಯದಲ್ಲಿ ನಾನೇ ಮುಳುಗಿ ಕೆಸರಿನಿಂದ ಕಿತ್ತು ತಂದೆ. ತಗಡಿನ ಮೇಲೆ ನಿಮ್ಮ ಬಣ್ಣ ಹಾಗೇ ಇತ್ತು, ಮೂಲೆಯಲ್ಲಿ ನಿಮ್ಮ ಹೆಸರೂ ಇತ್ತು. ಮರಳು ಸರಿಸಿದರೆ ಒಂದು ಸೈಕಲ್ಲಿನ ಚಿತ್ರ, ಜೊತೆಗೆ ‘ಇಲ್ಲಿ ಪಂಚರ್ ಹಾಕಲಾಗುವುದು’ ಅಂತ ಬರಹ. ಪಂಚರ್ ಅಂದರೆ ನಿಮ್ಮ ಕಾಲದ ಪಲ್ಯವಿರಬೇಕು, ಹೋದವರಿಗೆಲ್ಲ ಹಾಕುತ್ತಿದ್ದರು ಅಂತ ಪಾಠ ಮಾಡುತ್ತಿದ್ದೆ. ಸೈಕಲ್ಲಿನ ಚಕ್ರ ಮೇಲಿವೆಯಲ್ಲ, ಅವು ಗಾಳಿ ಹಿಡಿಯುವುದಕ್ಕೆ, ಹಿರಿಯರು ಕೆಳಗೆ ಜೋತುಬಿದ್ದು ಹಾರುತ್ತಿದ್ದರು ಅಂತಲೂ ವಿವರಿಸುತ್ತಿದ್ದೆ. ತಲೆಕಟ್ಟು ಅಕ್ಷರದ ಕಾಲಲ್ಲಿರುತ್ತದೆ ಅಂತ ಯಾಕೆ ಹೇಳುತ್ತೀರಿ ಅಂತ ಒಬ್ಬಳು ಕೇಳಿದಾಗ, ದೊಡ್ಡವರ ಕಾಲಿಗೆ ಬೀಳುವಾಗ ತಲೆ ಎಲ್ಲಿರುತ್ತದಮ್ಮ ಅಂತ ಬಾಯಿ ಮುಚ್ಚಿಸಿದ್ದೆ. ಇಂಥ ಉತ್ತರ ಬೇರೆ ಯಾರಿಗೆ ಹೊಳೆದೀತು?

ಮೊನ್ನೆ ನನ್ನ ಅಕ್ಕ ದೇವೀರಮ್ಮನ ಮಗಳು ಪುಟ್ಟತಾಯಿಯ ಮದುವೆ. ಗಂಡು ಚೆನ್ನಿಗ, ಮೇಲ್ನೆಲದವನು, ಅಂದರೆ ಇನ್ನೂ ಗಟ್ಟಿ ನೆಲದ ಮೇಲೆ ಬದುಕುವ ಜನರ ಪೈಕಿ. ಪುಟ್ಟತಾಯಿ ಗೋಡೆಯ ಮುಂದೆ ನಿಂತು ತನ್ನ ಹೆಸರು ಬರೆದಳು. ನಾನು ಜರತಾರಿ ರುಮಾಲು ಸರಿಮಾಡಿಕೊಂಡು, ಒಮ್ಮೆ ಕೆಮ್ಮಿ, ಬೆರಳಿಟ್ಟೆ. ಇಟ್ಟ ಬೆರಳು ಅಲ್ಲೇ ನಿಂತಿತು. ಒಂದಕ್ಷರವೂ ತಿಳಿಯಲಿಲ್ಲ. ಅಕ್ಷರಗಳೆಲ್ಲ ಬಾವಲಿಯ ಹಾಗೆ ನೇತಾಡುತ್ತಿದ್ದವು.

"ಅಯ್ಯೋ, ತಲೆಕೆಳಗಾಗಿ ಬರೆದುಬಿಟ್ಟಿದ್ದಾಳೆ!" ಅಂದೆ.

"ನೆಟ್ಟಗೇ ಇದೆಯಲ್ಲಪ್ಪ," ಅಂದಳು ಚೆನ್ನಿಗನ ಅಜ್ಜಿ ಸಣ್ಣಕ್ಕ.

"ನೀನೇ ಕಲಿಸಿದ್ದಲ್ವಾ ಮಾವ?" ಅಂದಳು ಪುಟ್ಟತಾಯಿ. ಅವಳ ಮುಖ ಬಿಳಿಚಿಕೊಂಡಿತ್ತು.

ಮೇಲ್ನೆಲದವರ ಗುಂಪಿನಲ್ಲಿ ಗುಸುಗುಸು ಎದ್ದಿತು. ಸೋದರಮಾವನಿಗೆ ಈ ಸಂಬಂಧ ಇಷ್ಟವಿಲ್ಲ, ಬೇಕಂತಲೇ ಓದುತ್ತಿಲ್ಲ ಅಂತ. ನೀರು ಬೇರೆ ಪಾದ ದಾಟಿತ್ತು. ಅಕ್ಕ ಕಿವಿಯ ಹತ್ತಿರ ಬಂದು, "ಹೆಸರು ನಿಂಗೊತ್ತಲ್ವೇನೋ, ಹೇಳಿಬಿಡೋ ಮಾರಾಯ," ಅಂತ ಹಲ್ಲು ಕಚ್ಚಿದಳು. ಓದದೆ ಓದಿದೆ ಅನ್ನಲೇ? ನಾನು? ಹಿರಿಯರ ಬರಹವೇ ಸಾಕ್ಷಿ ಹೇಳಲಿ ಅಂತ ದೋಣಿಯಿಂದ ನಿಮ್ಮ ಬೋರ್ಡು ತರಿಸಿ, ನನಗೆ ಓದಲು ಬರುವಂತೆ ಗೋಡೆಗೆ ಒರಗಿಸಿದೆ.

ಸಣ್ಣಕ್ಕಜ್ಜಿ ಅದನ್ನು ನೋಡಿ ಸೆರಗು ಬಾಯಿಗಿಟ್ಟುಕೊಂಡು ನಗತೊಡಗಿದಳು. "ಮೇಷ್ಟ್ರೇ, ನಾನು ವಾರವಾರ ಇದನ್ನೇ ಹತ್ತಿ ಸಂತೆಗೆ ಹೋಗೋದು. ಚಕ್ರ ನೆಲದ ಮೇಲೆ ಓಡ್ತದೆ. ಮೇಲಿದ್ರೆ ನಾನೆಲ್ಲಿ ಕೂರ್ಲಿ, ನಿಮ್ಮ ರುಮಾಲಿನ ಮೇಲಾ?"

ನಾನು ಶಿಷ್ಯೆಯರ ಕಡೆ ತಿರುಗಿದೆ. ಪುಟ್ಟತಾಯಿಯೇ, "ನಾವು ಕೂತ ಕಡೆಯಿಂದ ಚಕ್ರ ಕೆಳಗೇ ಕಾಣ್ತಿತ್ತು ಮಾವ. ನೀನು ಮೇಲೆ ಅಂತಿದ್ದೆ. ದೊಡ್ಡೋರು ಅಂತ ಸುಮ್ನಿದ್ವಿ," ಅಂದಳು.

ಆಗ ಹೊಳೆಯಿತು ನೋಡಿ. ಸಿಡಿಲು ಬಡಿದ ಹಾಗಾಯಿತು. ನನ್ನ ಮೇಷ್ಟ್ರು ತಮ್ಮ ಕಡೆಗೆ ನೆಟ್ಟಗೆ ಬರೆದರು, ಎದುರು ಕೂತ ನನಗೆ ಅದು ತಲೆಕೆಳಗಾಗಿ ಕಂಡಿತು, ನಾನು ಹಾಗೇ ಕಲಿತೆ. ನಾನು ನನ್ನ ಕಡೆಗೆ ತಲೆಕೆಳಗಾಗಿ ಬರೆದೆ, ಎದುರು ಕೂತ ಇವರಿಗೆ ನೆಟ್ಟಗೆ ಕಂಡಿತು, ಇವರು ಹಾಗೇ ಕಲಿತರು. ಎದುರುಬದುರು ಕೂತಿದ್ದಷ್ಟು ದಿನ ಯಾರಿಗೂ ತಪ್ಪು ಕಾಣಲಿಲ್ಲ. ನಾನೂ ನನ್ನ ಶಿಷ್ಯೆಯೂ ಒಂದೇ ಕಡೆ ನಿಂತು ಒಂದೇ ಅಕ್ಷರ ನೋಡಿದ್ದು ಅದೇ ಮೊದಲು. ಹಿಂದಿನ ಮದುವೆಗಳಲ್ಲಿ ಬೇರೆ ಬೇರೆ ಮಾವಂದಿರು ಏನು ಓದಿದರೋ, ದೇವರೇ ಬಲ್ಲ. ಅವರೆಲ್ಲ ನನ್ನ ಓರಗೆಯವರು, ನನ್ನ ಜೊತೆ ಅದೇ ತುದಿಯಲ್ಲಿ ಕೂತು ಕಲಿತವರು. ಈಗ ಒಬ್ಬೊಬ್ಬರಾಗಿ ಗುಂಪಿನ ಹಿಂದಕ್ಕೆ ಜಾರುತ್ತಿದ್ದರು.

ನೀರು ಮೊಣಕಾಲಿಗೆ ಬಂತು. ಪುಟ್ಟತಾಯಿಯ ಕಣ್ಣಲ್ಲೂ ಬಂತು. ಗೋಡೆ ತಿರುಗಿಸುವಂಥದ್ದಲ್ಲ. ತಿರುಗಬೇಕಾದವನು ನಾನು. ರುಮಾಲು ತೆಗೆದು ಅಕ್ಕನ ಕೈಗೆ ಕೊಟ್ಟೆ. ಎರಡೂರಿನ ಜನದ ಎದುರಿಗೆ ಗೋಡೆಗೆ ಬೆನ್ನು ಮಾಡಿ, ಪಂಚೆ ಎತ್ತಿ ಕಟ್ಟಿ, ಬಗ್ಗಿ, ಕಾಲುಗಳ ಸಂದಿಯಿಂದ ನೋಡಿದೆ. ನೆತ್ತಿಗೆ ನೀರು ತಾಗುತ್ತಿತ್ತು. ಆದರೆ ಅಕ್ಷರಗಳು ಮುತ್ತಿನ ಹಾಗೆ ಕಂಡವು. ಹಿಂದಕ್ಕೆ ಕೈಚಾಚಿ ಬೆರಳಿಟ್ಟು, ‘ಪು’ ಅಂದೆ. ‘ಟ್ಟ’ ಅಂದೆ, ಆ ಒತ್ತು ಎಷ್ಟು ಚೆನ್ನಾಗಿ ಬರೆದಿದ್ದಳು! ‘ತಾ’ ಅಂದೆ, ‘ಯಿ’ ಅಂದೆ. ಚೆನ್ನಿಗ ತಾಳಿ ಕಟ್ಟಿದ. ಅದನ್ನೂ ನಾನು ತಲೆಕೆಳಗಾಗಿಯೇ ನೋಡಿದೆ, ಸೊಂಟ ಹಿಡಿದುಕೊಂಡು ಏಳಲಾಗಿರಲಿಲ್ಲ.

ಊರವರು ಈಗ ನನ್ನನ್ನು ನೋಡಿದರೆ ಬಗ್ಗಿ ನಮಸ್ಕಾರ ಮಾಡುತ್ತಾರೆ, ಬೆನ್ನು ಮಾಡಿಕೊಂಡು. ಮಾಡಲಿ. ಬಗ್ಗಿ ಓದಿದ ಮಾವ ಎರಡೂರಿಗೂ ನಾನೊಬ್ಬನೇ.

ನಿನ್ನೆ ಮೊದಲ ಸಲ ಪುಟ್ಟತಾಯಿಯ ಮನೆಗೆ ಹೋಗಿದ್ದೆ. ಮೇಲ್ನೆಲದಲ್ಲಿ ಬಾಗಿಲ ಮೇಲೆ ಹೆಸರು ಕೆತ್ತಿಸುವ ಪದ್ಧತಿ. ಅವಳ ಹೆಸರು, ಗಂಡನ ಹೆಸರು ಎಲ್ಲರಿಗೂ ಓದಲು ಬರುವ ಹಾಗೆ ಮೇಲಿದ್ದವು. ಅದರ ಕೆಳಗೆ ಮತ್ತೊಂದು ಸಾಲು ಕೆತ್ತಿಸಿದ್ದಳು, ಪೂರಾ ತಲೆಕೆಳಗಾಗಿ. ಹೊಸಲಿನಲ್ಲಿ ನೆಟ್ಟಗೆ ನಿಂತು, ರುಮಾಲು ತೆಗೆಯದೆ ಓದಿದೆ: ‘ಮಾವ, ಒಳಗೆ ಬಾ.’

ಈ ಕಾಗದವನ್ನು ಗೋಡೆಯ ಬಿರುಕಿಗೆ ಸಿಕ್ಕಿಸುತ್ತೇನೆ. ಅಲ್ಲಿಟ್ಟದ್ದು ಹಿಂದಿನವರಿಗೆ ಮುಟ್ಟುತ್ತದೆ ಅಂತ ನಮ್ಮಲ್ಲಿ ನಂಬಿಕೆ. ಮುಟ್ಟಿದರೆ ಒಂದು ಕೋರಿಕೆ, ಲಕ್ಕಪ್ಪನವರೇ. ನಿಮ್ಮ ಸೈಕಲ್ಲು ಇರುವಂತೆಯೇ ಇರಲಿ, ಚಕ್ರ ಕೆಳಗೇ ಇರಲಿ. ಆದರೆ ಯಾವ ಬೋರ್ಡು ಬರೆದರೂ ಕೆಳಗೊಂದು ಗೇಣು ಜಾಗ ಖಾಲಿ ಬಿಡಿ. ಎದುರು ತುದಿಯಲ್ಲಿ ಕೂತು ಕಲಿತವನೊಬ್ಬ ಯಾವತ್ತಾದರೂ ಬಂದೇ ಬರುತ್ತಾನೆ.