ಸೋಮವಾರ ಮಕ್ಕಳ ದನಿ ಕೊಡಬೇಡ

ಸೈಕಲ್ ಅಂಗಡಿಯಿಂದ, ಬುಧವಾರ

ಪ್ರೀತಿಯ ಗುಂಡಮ್ಮಾ,

ಕಂಪ್ಯೂಟರ್ ಕಂಡುಹಿಡಿದವನೇ ಅದಕ್ಕೆ ಚೈನ್ ಎಲ್ಲಿ ಸಿಕ್ಕಿಸೋದು ಅಂತ ತಿಳಿಯದೆ ಕೊನೆಗೆ ನನ್ನ ಅಂಗಡಿಗೆ ಬಂದಿದ್ದ. ಅಂಥ ಸೋದರಮಾವ ಉತ್ತರ ಬರೆಯೋದು ತಡಮಾಡಿದ ಅಂತ ಮುನಿಸಿಕೊಳ್ಳಬೇಡ. ನಾಲ್ಕು ಸಲ ಬರೆದು ಹರಿದೆ. ಫೋನ್ ಯಾಕೆ ಮಾಡಲಿಲ್ಲ ಅಂತೀಯಾ? ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ಯಾವ ಯಂತ್ರವೂ ನಕಲು ಮಾಡಲಾರದು. ಅದಕ್ಕೇ ಈ ಕಾಗದ, ಅದೂ ಬಸ್ ಕಂಡಕ್ಟರ್ ಕೈಲಿ.

ನಿಮ್ಮ ಶಾಲೆಯ ತರಬೇತಿ ಸುದ್ದಿ ಓದಿ ಹಿಗ್ಗಿದ್ದೆ. ಯಂತ್ರ ಪಾಠ ಬರೆಯುತ್ತಂತೆ, ಪ್ರಶ್ನೆಪತ್ರಿಕೆ ಮಾಡುತ್ತಂತೆ, ಅದರ ತಪ್ಪು ತಿದ್ದೋದನ್ನು ನೀವು ಟೀಚರುಗಳು ಕಲೀತಿದ್ದೀರಂತೆ. ನೀನು ಒಂದು ಗಂಟೆ ಓದಿ ದನಿ ಕೊಟ್ಟೆ. ಈಗ ನಿನ್ನ ದನಿಯಲ್ಲೇ ಅದು ಮನೆಮನೆಯ ಫೋನಿಗೆ ಪಾಠ ಹೇಳುತ್ತೆ. "ಕೇಳ್ರಯ್ಯಾ, ನಮ್ಮ ಹುಡುಗಿ!" ಅಂತ ಅಂಗಡಿಗೆ ಬಂದವರಿಗೆಲ್ಲ ಕೇಳಿಸಿದೆ, ಪಂಕ್ಚರ್ ಹಾಕೋದೂ ಮರೆತು.

ಹೋದ ತಿಂಗಳು ಆ ದನಿ ನನಗೇ ಫೋನ್ ಮಾಡಿತು. "ಮಾವಾ, ಆಸ್ಪತ್ರೆಯಲ್ಲಿದ್ದೀನಿ, ನಿನ್ನ ಬಿಟ್ರೆ ನನಗ್ಯಾರಿದ್ದಾರೆ?" ಅಂತು. ನೀನಾಗಿದ್ದರೆ ಮೊದಲು "ಇವತ್ತೆಷ್ಟು ಸುಳ್ಳು ಹೇಳಿದೆ ಮಾವ?" ಅಂತ ಕೇಳ್ತಿದ್ದೆ. ಗಾಬರೀಲಿ ಅದು ಹೊಳೀಲಿಲ್ಲ. ಒಂದು ಜೊತೆ ಚಪ್ಪಲಿಯಷ್ಟು ದುಡ್ಡು ಹೋಯ್ತು, ಬಿಡು.

ಈ ಕಾಗದ ಬರೆಸಿದ್ದು ಅದಲ್ಲ. ನಿನ್ನೆ ಮತ್ತೆ ಅದರ ಫೋನ್ ಬಂತು. ಪರೀಕ್ಷೆ ಮಾಡೋಣ ಅಂತ "ನಿನ್ನ ಕ್ಲಾಸಿನ ಮಕ್ಕಳು ಹೇಗಿದ್ದಾರೆ?" ಅಂದೆ. ಥೇಟ್ ನಿನ್ನ ಹಾಗೇ ನಕ್ಕು, "ಚೆನ್ನಾಗಿದ್ದಾರೆ ಮಾವ. ಸೋಮವಾರದಿಂದ ಅವರೂ ಮಾತಾಡ್ತಾರೆ" ಅಂತು.

ಸೋಮವಾರ ಮೂವತ್ತೆಂಟು ಮಕ್ಕಳಿಂದ ಒಂದೊಂದು ಪುಟ ಓದಿಸಿ, ಉಚ್ಚಾರ ತಿದ್ದೋಕೆ ಯಂತ್ರಕ್ಕೆ ಕೊಡ್ತೀವಿ ಅಂತ ನೀನು ಬರೆದದ್ದು ನನಗೆ. ಅದಕ್ಕೆ ಹೇಗೆ ಗೊತ್ತಾಯ್ತು?

ಕೊಡಬೇಡ ಕಣೇ. ದೊಡ್ಡ ಮೇಡಂ ಬೈದರೆ ಬೈಸಿಕೋ. "ನಮ್ಮ ಮಾವನಿಗೆ ತಲೆ ಕೆಟ್ಟಿದೆ" ಅನ್ನು, ಹೇಗೂ ಅಭ್ಯಾಸ ಇದೆ ನಿನಗೆ. ನಾನು ಮುದುಕ, ಒಂದು ಪ್ರಶ್ನೆ ಕೇಳಿ ನೋಡಿದೆ. "ಅಮ್ಮಾ" ಅಂತ ಮಗು ಅತ್ತರೆ ಯಾವ ತಾಯಿ ಪ್ರಶ್ನೆ ಕೇಳ್ತಾಳೆ?

ನೂರು ವರ್ಷ ನಿನ್ನ ಗಂಟಲಿಂದಲೇ ನನ್ನನ್ನು ಬೈತಾ ಬಾಳು.

ನಿನ್ನ
ಸುಳ್ಳುಮಾವ

ತಾ.ಕ.: ಚಪ್ಪಲಿ ಲೆಕ್ಕ ಸುಳ್ಳು. ನಿನ್ನೆಗಿಂತ ಮೊದಲು ಅದು ನಾಲ್ಕು ಸಲ ಫೋನ್ ಮಾಡಿತ್ತು. ಮೋಸಹೋದದ್ದು ಮೊದಲ ಸಲ ಮಾತ್ರ. ಎರಡನೇ ಸಲ ನನ್ನ ಕಥೆಯನ್ನೆಲ್ಲ ನಡುವೆ ಬಾಯಿ ಹಾಕದೆ ಕೇಳಿ, "ಹೌದಾ ಮಾವ, ನೀನು ಇಷ್ಟೆಲ್ಲಾ ಮಾಡಿದ್ದೀಯಾ?" ಅಂತು. ಆಗಲೇ ನೀನಲ್ಲ ಅಂತ ಗೊತ್ತಾಯ್ತು. ಗೊತ್ತಿದ್ದೂ ದುಡ್ಡು ಕೊಟ್ಟೆ, ನನ್ನ ಕಥೆ ಇನ್ನಷ್ಟು ಕೇಳಲಿ ಅಂತ. ಇದೊಂದನ್ನಾದರೂ ನಂಬು: ಒಟ್ಟು ಹೋದದ್ದು ಅರವತ್ತೊಂದು ಸಾವಿರದ ಐನೂರು.